ಲೀಲಮ್ಮನವರ ಕೊಡಗಿನ ಹುಡುಗ

"ಅಮ್ಮಾ, ಲೀಲಾ ಅಜ್ಜಿ ಝೂಠ್ ಬೋಲ್ತೀ ಹೈ ಕ್ಯಾ?"

ಬಾಯಲ್ಲಿ ತುತ್ತು ಇಟ್ಟುಕೊಂಡೇ ಗಾನವಿ ಕೇಳಿದಳು. ಐದು ವರ್ಷದ ಹುಡುಗಿ. ಕನ್ನಡದಲ್ಲಿ ಹೇಳಿದ್ದೆಲ್ಲ ತಿಳಿಯುತ್ತಿತ್ತು, ನಾಲಿಗೆಗೆ ಮಾತ್ರ ಹಿಂದಿಯೇ ಮೊದಲು ಬರುತ್ತಿತ್ತು. ಪ್ರೇರಣಾ ಮೊಸರನ್ನ ಕಲಸುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಮೊದಲು ನುಂಗು. ಯಾರು ಹೇಳಿದ್ದು ನಿಂಗೆ?"

"ಪಾರ್ಕಲ್ಲಿ ಸಬ್ ಲೋಗ್. ಅಜ್ಜಿ ಎಲ್ಲರನ್ನೂ ಬುದ್ಧೂ ಮಾಡಿದ್ರಂತೆ. ಅಪ್ಪಾಜಿ ಭಯ್ಯಾ ಇಂಡಿಯಾದವರೇ ನಹೀಂ ಹೈ ಅಂತೆ."

"ದೊಡ್ಡವರ ಮಾತು ನಿನಗ್ಯಾಕೆ? ಇನ್ನೆರಡು ತುತ್ತಿದೆ, ತಿನ್ನು."

ಮಗು ತಿಂದು ಎದ್ದು ಹೋಯಿತು. ಹಟ ಹಿಡಿದು ಮತ್ತೆ ಕೇಳಿದ್ದರೆ ಪ್ರೇರಣಾ ಹೌದು ಎನ್ನಬೇಕಾಗುತ್ತಿತ್ತು. ಲೀಲಮ್ಮ ಸುಳ್ಳು ಹೇಳುತ್ತಿದ್ದರು. ಹೂವು ಕಟ್ಟುವವರು ಮಾತಾಡುತ್ತಲೇ ಹೂವು ಕಟ್ಟುವಂತೆ, ಕೈಕೆಲಸದ ನಡುವೆ, ಯಾವ ಆತಂಕವೂ ಇಲ್ಲದೆ ಹೇಳುತ್ತಿದ್ದರು.

ದೆಹಲಿಯ ದ್ವಾರಕೆ ಬಡಾವಣೆಯ ಆ ಹೌಸಿಂಗ್ ಸೊಸೈಟಿಯಲ್ಲಿ ಲೀಲಮ್ಮನವರದು ಬಿ ಬ್ಲಾಕಿನ ಮೂರನೆಯ ಮಹಡಿ. ಊರು ಚಿತ್ರದುರ್ಗದ ಕಡೆಯ ಹೊಸದುರ್ಗ. ನರ್ಸಿಂಗ್ ಓದಲು ದೆಹಲಿಗೆ ಬಂದವರು ಇಲ್ಲೇ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯ ಗಂಡಸರ ಸರ್ಜರಿ ವಾರ್ಡಿನಲ್ಲಿ ಕೆಲಸಕ್ಕೆ ಸೇರಿ, ಕೂದಲು ನೆರೆಯುವ ತನಕ ಅದೇ ವಾರ್ಡಿನಲ್ಲಿದ್ದು, ಅಲ್ಲಿಂದಲೇ ನಿವೃತ್ತರಾದರು. ಗಂಡ ಈಶ್ವರಪ್ಪ ಕೇಂದ್ರ ಸರ್ಕಾರದ ಯಾವುದೋ ಮಂತ್ರಾಲಯದಲ್ಲಿ ಅಸಿಸ್ಟೆಂಟ್ ಆಗಿದ್ದವರು. ಆ ಮಂತ್ರಾಲಯದ ನೌಕರರೇ ಸೇರಿ ಕಟ್ಟಿಕೊಂಡ ಸೊಸೈಟಿ ಅದು. ಮನೆಗೆ ಬಂದ ಮರುವರ್ಷವೇ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಪಂಜಾಬಿಗಳು, ಉತ್ತರ ಪ್ರದೇಶದವರು, ಒಂದಷ್ಟು ಬಂಗಾಳಿಗಳು ತುಂಬಿದ್ದ ಆ ಕಟ್ಟಡಗಳಲ್ಲಿ ಎಲ್ಲರೂ ಅವರನ್ನು ಸಿಸ್ಟರ್‌ಜಿ ಎಂದೇ ಕರೆಯುತ್ತಿದ್ದರು. ಯಾರಿಗೆ ಜ್ವರ ಬಂದರೂ ಮೊದಲು ಹೋಗುವುದು ಅವರ ಬಾಗಿಲಿಗೆ.

ಸುಳ್ಳು ಅವರಿಗೆ ವಾರ್ಡಿನಿಂದ ಬಂದದ್ದು. ಆಪರೇಷನ್ನಿಗೆ ಹೊರಟವನು ಟ್ರಾಲಿಯ ಮೇಲೆ ಮಲಗಿ, ನೋವಾಗುತ್ತಾ ಸಿಸ್ಟರ್ ಎಂದು ಕೇಳಿದರೆ, ನಿದ್ದೆ ಬರುತ್ತೆ ಅಷ್ಟೇ ಎನ್ನುತ್ತಿದ್ದರು. ಹಳ್ಳಿಗಳಿಂದ ಬಂದು ವರಾಂಡದಲ್ಲಿ ಕಂಬಳಿ ಹಾಸಿಕೊಂಡಿದ್ದ ಹೆಂಗಸರು ಕೇಳಿದಾಗಲೆಲ್ಲ ಅವರು ಕೊಡುತ್ತಿದ್ದ ಉತ್ತರ ಒಂದೇ. "ಈಗ ತಾನೇ ನೀರು ಕುಡಿದ." ಗಂಟಲಿನಲ್ಲಿ ನಳಿಗೆ ಇದ್ದವನ ಬಗ್ಗೆಯೂ ಅದನ್ನೇ ಹೇಳುತ್ತಿದ್ದರು. ನೀರು ಕುಡಿದ ಎಂದರೆ ಆ ಹೆಂಗಸರು ರೊಟ್ಟಿ ಬಿಚ್ಚಿ ತಿನ್ನುತ್ತಿದ್ದರಂತೆ. "ಅಷ್ಟಾದ್ರೂ ಹೊಟ್ಟೆಗೆ ಬೀಳುತ್ತಲ್ಲ ಅವಕ್ಕೆ," ಎಂದು ಲೀಲಮ್ಮ ಪ್ರೇರಣಾಳಿಗೆ ಹೇಳಿದ್ದರು. ಆದರೆ ಬರೆಯುವಾಗ ಅವರು ಬೇರೆಯೇ ಮನುಷ್ಯರು. ಬಾಯಲ್ಲಿ ಏನು ಬೇಕಾದರೂ ಅನ್ನಬಹುದು, ಚಾರ್ಟಿನಲ್ಲಿ ಮಾತ್ರ ಇದ್ದದ್ದೇ ಇರಬೇಕು. ವಾರ್ಡಿಗೆ ಹೊಸದಾಗಿ ಬಂದ ಹುಡುಗಿಯರಿಗೆ ಮೊದಲ ದಿನವೇ ಇದನ್ನು ಹೇಳಿಕೊಡುತ್ತಿದ್ದರು.

ಈಶ್ವರಪ್ಪನವರ ಕೊನೆಯ ತಿಂಗಳುಗಳಲ್ಲಿ ಲೀಲಮ್ಮ ಒಮ್ಮೆ ರಕ್ತದ ವರದಿ ನೋಡಿ, ಎಲ್ಲ ಚೆನ್ನಾಗಿದೆ ಎಂದರಂತೆ. ಅದಕ್ಕೆ ಗಂಡ, "ನೀನು ನನ್ನ ಹತ್ರ ಯಾವತ್ತೂ ಇಷ್ಟು ಮೆತ್ತಗೆ ಮಾತಾಡಿದವಳಲ್ಲ ಕಣೇ. ಇವತ್ತು ಸಿಸ್ಟರ್ ಮಾತಾಡ್ತಿದ್ದಾಳೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದರಂತೆ. ಲೀಲಮ್ಮ ಇದನ್ನು ನಗುತ್ತಲೇ ಹೇಳುತ್ತಿದ್ದರು.

ಅಂಥವರ ಮನೆಗೆ ಝಲ್ಮಯ್ ಬಂದದ್ದು ಮೆಟ್ರೋ ದ್ವಾರಕೆಯ ತನಕ ಓಡಲು ಶುರುವಾದ ಮೇಲೆ, ಒಂದು ಮಳೆಗಾಲದಲ್ಲಿ. ಅಫ್ಘಾನಿಸ್ತಾನದ ಬಗ್ಲಾನ್ ಕಡೆಯ ಹುಡುಗ. ಭಾರತ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ದೆಹಲಿ ವಿಶ್ವವಿದ್ಯಾಲಯದ ಉತ್ತರ ಕ್ಯಾಂಪಸ್ಸಿನ ಕಾಲೇಜೊಂದರಲ್ಲಿ ಬಿ.ಕಾಂ.ಗೆ ಸೇರಿದ್ದ. ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ಕ್ಯಾಂಪಸ್ಸಿನ ಸುತ್ತ ಯಾರೂ ಮನೆ ಕೊಡಲಿಲ್ಲ. ಮೆಟ್ರೋ ಎಲ್ಲಿಯ ತನಕ ಹೋಗುತ್ತದೋ ಅಲ್ಲಿಯ ತನಕ ಹುಡುಕೋಣ ಎಂದು ದಲ್ಲಾಳಿ ಅವನನ್ನು ಇಲ್ಲಿಗೆ ಕರೆತಂದಿದ್ದ. ಎ ಬ್ಲಾಕಿನಲ್ಲಿ ಎರಡು ಮನೆಯವರು ಪಾಸ್‌ಪೋರ್ಟಿನ ಬಣ್ಣ ನೋಡಿಯೇ ಬೇಡವೆಂದರು. ಲೀಲಮ್ಮ ಹಾಲು ತರಲು ಇಳಿದಾಗ ಅವನು ಗೇಟಿನ ಪಕ್ಕದ ಕಟ್ಟೆಯ ಮೇಲೆ ಶೂ ಬಿಚ್ಚಿ ಕೂತಿದ್ದ. ಹಿಮ್ಮಡಿಯ ಗುಳ್ಳೆ ಒಡೆದು, ಅದಕ್ಕೆ ಕರವಸ್ತ್ರ ಸುತ್ತಿದ್ದ.

"ಹೀಗೆ ಕಟ್ಟಿದ್ರೆ ಕೀವಾಗುತ್ತೆ," ಎಂದು ಲೀಲಮ್ಮ ಹಿಂದಿಯಲ್ಲಿ ಬೈದು, ಮೇಲಕ್ಕೆ ಕರೆದೊಯ್ದು ಸರಿಯಾಗಿ ಕಟ್ಟಿದರು. ದಲ್ಲಾಳಿ ಬಾಗಿಲಲ್ಲೇ ನಿಂತು, "ಆಂಟೀಜಿ, ಹುಡುಗ ಒಳ್ಳೆಯವನು, ಶರೀಫ್. ಹೊರದೇಶದವನು, ಅಷ್ಟೇ," ಎಂದ. ಗುಳ್ಳೆಗೆ ಪಟ್ಟಿ ಕಟ್ಟಿ ಮುಗಿಯುವುದರೊಳಗೆ ಒಳಗಿನ ಕೋಣೆ ಅವನದಾಗಿತ್ತು.

ಸಂಜೆ ಅವನ ಟ್ರಂಕು ಬರುವ ಹೊತ್ತಿಗೆ ಗೇಟಿನಲ್ಲಿ ಸೊಸೈಟಿಯ ಕಾರ್ಯದರ್ಶಿ ಖುಲ್ಲರ್ ನಿಂತಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ಗೇಟಿನೊಳಗೆ ಬರುವ ನಾಯಿಮರಿಯ ವಿಳಾಸವನ್ನೂ ಕೇಳುವವರು. "ಯಾರು ಸಿಸ್ಟರ್‌ಜಿ, ಹೊಸಬರು?" ಎಂದರು. ಲೀಲಮ್ಮ ಒಂದು ಕ್ಷಣ ಹುಡುಗನನ್ನು ನೋಡಿದರು. ಎತ್ತರದ ಆಳು, ಕೆಂಪು ಮೈಬಣ್ಣ, ಚೂಪು ಮೂಗು.

"ನಮ್ಮ ಕಡೆಯವನು," ಎಂದರು. "ಕೊಡಗು. ಬೆಳ್ಳಿಯಪ್ಪ ಅಂತ."

"ಕೂರ್ಗ್," ಎಂದು ಖುಲ್ಲರ್ ಮುಖ ಅರಳಿಸಿದರು. "ಸೈನ್ಯದ ದೊಡ್ಡ ದೊಡ್ಡ ಅಧಿಕಾರಿಗಳೆಲ್ಲ ಅಲ್ಲಿಯವರೇ. ನೋಡಿದರೇ ತಿಳಿಯುತ್ತೆ." ಆಮೇಲೆ ತಾವೇ ಎಲ್ಲರಿಗೂ ಹೇಳಿಕೊಂಡು ಬಂದರು, ಮದ್ರಾಸಿಗಳಲ್ಲೂ ಇಂಥವರಿದ್ದಾರೆ ಎಂದು. ಬೆಳ್ಳಿಯಪ್ಪ ಎಂಬುದು ಗೇಟಿನ ಕಾವಲುಗಾರನ ಬಾಯಲ್ಲಿ ನಿಲ್ಲದೆ, ಕೊನೆಯ ತುಂಡು ಮಾತ್ರ ಉಳಿದು ಅಪ್ಪಾಜಿ ಆಯಿತು. ಮಕ್ಕಳೂ ಹಾಗೇ ಕರೆದರು.

ಮರುದಿನ ಬೆಳಿಗ್ಗೆ ಲೀಲಮ್ಮ ಹುಡುಗನನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ, ಬಾಡಿಗೆದಾರರ ಅರ್ಜಿಯಲ್ಲಿ ಅವನ ನಿಜವಾದ ಹೆಸರು, ದೇಶ, ಪಾಸ್‌ಪೋರ್ಟ್ ಎಲ್ಲ ಬರೆಸಿ ಸಹಿ ಹಾಕಿ ಬಂದರು. ಠಾಣೆಯದು ಚಾರ್ಟು. ಗೇಟಿನದು ಬರೀ ವರಾಂಡ.

ಪ್ರೇರಣಾ, ಸಂದೀಪ್ ಅದೇ ಮಹಡಿಗೆ ಬಾಡಿಗೆಗೆ ಬಂದಾಗ ಈ ಕಥೆಗೆ ವರ್ಷ ತುಂಬಿತ್ತು. ಪಕ್ಕದಲ್ಲಿ ಕನ್ನಡದವರಿದ್ದಾರೆ ಎಂದು ತಿಳಿದು ಪ್ರೇರಣಾ ಮಗುವನ್ನು ಎತ್ತಿಕೊಂಡು ಹೋಗಿ ಗಂಟೆ ಒತ್ತಿದಳು. ಬಾಗಿಲು ತೆಗೆದದ್ದು ಬಾಗಿಲಿನಷ್ಟೇ ಎತ್ತರದ ಒಬ್ಬ ಹುಡುಗ.

"ಬಾ ತಾಯಿ, ಕೂತ್ಕೋ. ಅಜ್ಜಿ ಸ್ನಾನಕ್ಕೆ ಹೋಗಿದ್ದಾರೆ," ಎಂದ. ಮಗುವಿನ ಗಲ್ಲ ಮುಟ್ಟಿ, "ಅಯ್ಯೋ ಶಿವನೇ, ಎಷ್ಟು ಸಣ್ಣಗಿದೆಯಲ್ಲ ಕೂಸು, ಊಟ ಮಾಡಲ್ವಾ?" ಎಂದ.

ಇಪ್ಪತ್ತು ದಾಟಿದ ಹುಡುಗನ ಬಾಯಲ್ಲಿ ಎಪ್ಪತ್ತರ ಹೆಂಗಸಿನ ಮಾತು ಕೇಳಿ ಪ್ರೇರಣಾಳಿಗೆ ನಗು ತಡೆಯಲಾಗಲಿಲ್ಲ. "ನೀವು ಕೊಡಗಿನವರು ಅಂತ ಕೇಳಿದೆ. ಕೊಡಗಲ್ಲಿ ಎಲ್ಲಿ?" ಎಂದಳು.

ಅವನು ಗಂಭೀರವಾಗಿ ಯೋಚಿಸಿದ. "ಗೊತ್ತಿಲ್ಲ ತಾಯಿ. ಅಜ್ಜೀನ ಕೇಳ್ಬೇಕು."

ತಲೆಗೆ ಟವೆಲ್ ಸುತ್ತಿಕೊಂಡು ಹೊರಬಂದ ಲೀಲಮ್ಮ ಇಬ್ಬರ ಮುಖವನ್ನೂ ನೋಡಿ, ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. "ಕನ್ನಡದವಳಿಗೆ ಈ ಕಥೆ ನಡೆಯಲ್ಲ ಅಂತ ಗೊತ್ತಿತ್ತು. ಕೂತ್ಕೋ, ಕಾಫಿ ಕೊಡ್ತೀನಿ. ಕೆಳಗೆ ಯಾರಾದ್ರೂ ಕೇಳಿದ್ರೆ ಮಡಿಕೇರಿ ಅನ್ನು, ಅಷ್ಟು ಸಾಕು ಅವರಿಗೆ."

ಅವಳನ್ನು ಯಾರೂ ಕೇಳಲಿಲ್ಲ. ಪ್ರೇರಣಾಳೂ ಹೇಳಲಿಲ್ಲ.

ಝಲ್ಮಯ್‌ಗೆ ಲೀಲಮ್ಮ ಕಟ್ಟುನಿಟ್ಟು ಮಾಡಿದ್ದು ಒಂದೇ. ಸೊಸೈಟಿಯವರ ಹತ್ತಿರ ಮಾತು ಬೆಳೆಸಬಾರದು. ಅವನ ಹಿಂದಿಯಲ್ಲಿ ಊರಿನ ಎಳೆತ ಇತ್ತು. ಅವನಿಗೆ ಕ್ರಿಕೆಟ್ಟಿನ ಹುಚ್ಚು. ರವಿವಾರ ಹುಡುಗರು ಪಾರ್ಕಿಂಗ್ ಜಾಗದಲ್ಲಿ ಆಡುವಾಗ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದ. ಚೆಂಡು ಮೇಲೆ ಬಂದರೆ ಹಿಡಿದು ಎಸೆಯುತ್ತಿದ್ದ, ಇಳಿದು ಹೋಗುತ್ತಿರಲಿಲ್ಲ. ಲಿಫ್ಟಿನಲ್ಲಿ ಯಾರಾದರೂ ಸಿಕ್ಕರೆ ನಮಸ್ತೆ ಎಂದು ಗೋಡೆ ನೋಡುತ್ತಿದ್ದ. ಸಿಸ್ಟರ್‌ಜಿಯ ಹುಡುಗ ಒಳ್ಳೆಯವನು, ಆದರೆ ಯಾರ ಜೊತೆಗೂ ಬೆರೆಯುವುದಿಲ್ಲ ಎಂದು ಹೆಂಗಸರು ಹೇಳುತ್ತಿದ್ದರು. ಮನೆಯೊಳಗೆ ಅವನು ಲೀಲಮ್ಮನವರಿಂದ ಕನ್ನಡವನ್ನೂ ಮುದ್ದೆ ನುಂಗುವುದನ್ನೂ ಕಲಿತಿದ್ದ, ಗಾನವಿಗೆ ಕಾಗದದ ಗಾಳಿಪಟ ಮಾಡಿಕೊಡುತ್ತಿದ್ದ, ಲೀಲಮ್ಮನವರ ಕನ್ನಡಕ ಹುಡುಕುವುದು ಅವನ ದಿನದ ಕೆಲಸಗಳಲ್ಲಿ ಒಂದಾಗಿತ್ತು.

ಅವನು ಬಂದ ಮೇಲೆ ಎರಡು ವರ್ಷ ಹೀಗೇ ಹೋಯಿತು. 2008ರ ಸೆಪ್ಟೆಂಬರಿನ ಒಂದು ಶನಿವಾರ ಸಂಜೆ ದೆಹಲಿಯ ಮಾರ್ಕೆಟ್ಟುಗಳಲ್ಲಿ ಬಾಂಬುಗಳು ಸಿಡಿದವು. ಆಮೇಲೆ ಠಾಣೆಗಳಿಂದ ಪೇದೆಗಳು ಮನೆಮನೆಗೆ ಹೊರಟರು, ಬಾಡಿಗೆದಾರರು ಯಾರು, ಎಲ್ಲಿಯವರು ಎಂದು. ಈ ಸೊಸೈಟಿಗೆ ಬಂದ ಪೇದೆ ಗೇಟಿನಲ್ಲಿ ಕುರ್ಚಿ ಹಾಕಿಸಿಕೊಂಡು, ಚಹಾ ಕುಡಿಯುತ್ತ, ಖುಲ್ಲರ್ ಅವರ ಪಕ್ಕದಲ್ಲೇ ತನ್ನ ಕಡತ ತಿರುವಿದ. "ಬಿ ಬ್ಲಾಕ್, ಮೂರನೇ ಮಹಡಿ, ಸಿಸ್ಟರ್‌ಜಿ. ಇವರದು ಸರಿಯಾಗಿದೆ. ಅಫ್ಘಾನಿ ವಿದ್ಯಾರ್ಥಿ, ಪಾಸ್‌ಪೋರ್ಟು, ವಿದೇಶಿಯರ ನೋಂದಣಿ ಎಲ್ಲಾ ಇದೆ. ಎಲ್ಲರೂ ಇವರ ಹಾಗೆ ಮಾಡಿದ್ದರೆ ನನಗೆ ಇಷ್ಟು ಅಲೆದಾಟ ಇರ್ತಿರಲಿಲ್ಲ."

ಖುಲ್ಲರ್ ಅವರ ಕೈಯಲ್ಲಿದ್ದ ಚಹಾ ಅಲ್ಲೇ ಆರಿತು ಎಂದು ಕಾವಲುಗಾರ ಆಮೇಲೆ ಹೇಳಿದ.

ಮಾತು ಅಂದೇ ಲಿಫ್ಟು ಹತ್ತಿ ಇಳಿಯಿತು. ಹಾಲಿನ ಬೂತಿನಲ್ಲಿ, ಪಾರ್ಕಿನ ಬೆಂಚುಗಳ ಮೇಲೆ ಅದೇ. ಟೀವಿಯಲ್ಲೂ ಆ ದಿನಗಳಲ್ಲಿ ಅಂಥದೇ ಚರ್ಚೆ ಓಡುತ್ತಿತ್ತು. ನಮ್ಮ ತೆರಿಗೆಯ ದುಡ್ಡಿನಲ್ಲಿ ಹೊರಗಿನವರನ್ನು ಓದಿಸುವುದು ಏಕೆ, ಅವರನ್ನು ಯಾರು ನೋಡಿಕೊಳ್ಳುತ್ತಾರೆ, ಓದಿ ಹೋದವರು ನಮ್ಮ ಸ್ನೇಹಿತರಾಗಿ ಉಳಿಯುತ್ತಾರೆಯೇ. ಅಲ್ಲಿ ಕೋಟು ಹಾಕಿದವರು ಆಡಿದ ಮಾತು ಮರುದಿನ ತರಕಾರಿ ಭಯ್ಯಾನ ಗಾಡಿಯ ಸುತ್ತ ಕೇಳುತ್ತಿತ್ತು. ಪ್ರೇರಣಾ ಎರಡು ದಿನ ಗಾನವಿಯನ್ನು ಲೀಲಮ್ಮನವರ ಮನೆಗೆ ಕಳಿಸಲಿಲ್ಲ. ಹುಡುಗನ ಮೇಲೆ ಅನುಮಾನ ಬಂದು ಅಲ್ಲ. ಬಾಗಿಲ ಮುಂದೆ ಸದಾ ಯಾರಾದರೊಬ್ಬರು ನಿಂತು ನೋಡುತ್ತಿದ್ದರು, ಮಗು ಅವರ ಕಣ್ಣಿಗೆ ಬೀಳುವುದು ಬೇಡ ಎಂದು. ಮೂರನೆಯ ದಿನ ತಾನೇ ಕೈಹಿಡಿದು ಕರೆದುಕೊಂಡು ಹೋದಳು.

"ನಾವು ಬಾಡಿಗೆಯವರು," ಎಂದ ಸಂದೀಪ್. ಗುರಗಾಂವಿನ ಆಫೀಸಿನಿಂದ ಬಂದು ಇನ್ನೂ ಕೊರಳಿನ ಗುರುತಿನ ಚೀಟಿ ತೆಗೆದಿರಲಿಲ್ಲ. "ಲೀಲಮ್ಮನವರ ಪರವಾಗಿ ನಾಲ್ಕು ಮಾತಾಡಿದ್ರೆ, ನಿಮಗೂ ಗೊತ್ತಿತ್ತಾ ಅಂತ ಕೇಳ್ತಾರೆ. ಏನು ಹೇಳ್ತೀಯ?"

"ಗೊತ್ತಿತ್ತು ಅಂತೀನಿ."

"ಅಚ್ಛಾ. ಹೇಳು. ಆಮೇಲೆ ಗ್ರೇಟರ್ ನೋಯ್ಡಾದಲ್ಲಿ ಮನೆ ನೋಡೋಣ, ಅಲ್ಲಿ ಅರ್ಧಕ್ಕರ್ಧ ಫ್ಲಾಟುಗಳು ಖಾಲಿ ಇವೆಯಂತೆ."

ಝಲ್ಮಯ್‌ಗೆ ಇದ್ದ ಕಷ್ಟ ಏನೆಂದು ಪ್ರೇರಣಾಳಿಗೆ ಅವನೇ ವಿವರಿಸಿದ. ಕೊನೆಯ ವರ್ಷದ ಪರೀಕ್ಷೆ ಏಪ್ರಿಲಿನಲ್ಲಿ. ದೇಶದಲ್ಲಿ ಇರುವ ಅನುಮತಿಯನ್ನು ಜನವರಿಯಲ್ಲಿ ಹೊಸದು ಮಾಡಿಸಬೇಕು, ಅದಕ್ಕೆ ಮನೆಯ ವಿಳಾಸ ಬೇಕು, ಮನೆಯವರ ಪತ್ರ ಬೇಕು. ವಿಳಾಸ ಇಲ್ಲದಿದ್ದರೆ ಅನುಮತಿ ಇಲ್ಲ, ಅನುಮತಿ ಇಲ್ಲದಿದ್ದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ, ಪರೀಕ್ಷೆಯೂ ಇಲ್ಲ. ಈ ಗಲಾಟೆಯ ನಡುವೆ ಬೇರೆ ಯಾರೂ ಮನೆ ಕೊಡುವುದಿಲ್ಲ. ಅವನ ಜೊತೆಯವರು ಮೂವರು ಈಗಾಗಲೇ ಮನೆ ಬಿಟ್ಟು ಒಬ್ಬ ಗೆಳೆಯನ ಕೋಣೆಯಲ್ಲಿ ಸೇರಿಕೊಂಡಿದ್ದರು.

"ಮನೇಲಿ ಅಮ್ಮನಿಗೆ ಹೇಳಿದೆಯಾ?" ಎಂದಳು ಪ್ರೇರಣಾ.

"ಇಲ್ಲ ತಾಯಿ. ಎಲ್ಲ ಚೆನ್ನಾಗಿದೆ, ಊಟ ಆಯ್ತು ಅಂದೆ," ಎಂದ. ಅಡುಗೆಮನೆಯಿಂದ ಲೀಲಮ್ಮ, "ಸರಿಯಾಗೇ ಹೇಳಿದ್ದಾನೆ," ಎಂದರು.

ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ಸೊಸೈಟಿಯ ಸಭಾಂಗಣದಲ್ಲಿ ಸಭೆ ಸೇರಿತು. ಬಾಡಿಗೆದಾರರಿಗೆ ಮಾತಿಲ್ಲ, ಕೂತು ಕೇಳಬಹುದು ಎಂದರು. ಝಲ್ಮಯ್‌ನನ್ನು ಲೀಲಮ್ಮ ಬೆಳಿಗ್ಗೆಯೇ ಪುಸ್ತಕ ಕೊಟ್ಟು ಗ್ರಂಥಾಲಯಕ್ಕೆ ಅಟ್ಟಿದ್ದರು. ತಾವು ಇಸ್ತ್ರಿ ಮಾಡಿದ ಬಿಳಿ ಹತ್ತಿಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತರು. ಪ್ರೇರಣಾ, ಸಂದೀಪ್ ಹಿಂದೆ ಕೂತರು.

ಖುಲ್ಲರ್ ಎದ್ದು ನಿಂತರು. ಧ್ವನಿಯಲ್ಲಿ ಕೋಪಕ್ಕಿಂತ ನೋವು ಹೆಚ್ಚಿತ್ತು. "ಹುಡುಗನ ಮೇಲೆ ನನ್ನ ದೂರಿಲ್ಲ. ಪೊಲೀಸರು ಸರಿ ಅಂದಿದ್ದಾರೆ. ಆದರೆ ಸಿಸ್ಟರ್‌ಜಿ, ಎರಡು ವರ್ಷ ನಾನು ಅವನಿಗೆ ಕೂರ್ಗ್‌ನ ಬಗ್ಗೆ ಪ್ರಶ್ನೆ ಕೇಳಿದ್ದೇನೆ. ಅಲ್ಲಿ ಚಳಿ ಹೇಗೆ ಅಂತ ಕೇಳಿದರೆ ಹಿಮ ಬೀಳುತ್ತೆ ಅಂದ. ನಾನು ನಂಬಿದೆ. ನನ್ನ ಹೆಂಡತಿ ರಜೆಗೆ ಅಲ್ಲಿಗೆ ಹೋಗೋಣ ಅಂತ ಸ್ವೆಟರ್ ಕೂಡ ತಗೊಂಡಳು."

ಸಭೆಯಲ್ಲಿ ನಗು ಎದ್ದಿತು. ಖುಲ್ಲರ್ ನಗಲಿಲ್ಲ.

ನಾಲ್ಕನೆಯ ಮಹಡಿಯ ತ್ಯಾಗಿ ಎದ್ದ. ಚಿಕ್ಕ ವಯಸ್ಸಿನವನು, ಇನ್ಶೂರೆನ್ಸ್ ಕೆಲಸ. "ನನ್ನ ತಮ್ಮನಿಗೆ ನೂರಕ್ಕೆ ಎಂಬತ್ತೆಂಟು ಬಂತು, ಅದೇ ಕಾಲೇಜಿನಲ್ಲಿ ಸೀಟು ಸಿಗಲಿಲ್ಲ. ಈಗ ಕರೆಸ್ಪಾಂಡೆನ್ಸ್‌ನಲ್ಲಿ ಓದ್ತಿದ್ದಾನೆ. ಇವರಿಗೆ ಸೀಟೂ ಕೊಡ್ತೀವಿ, ಖರ್ಚಿಗೂ ಕೊಡ್ತೀವಿ. ನಾನು ಯಾರಿಗೂ ಕೆಟ್ಟದ್ದು ಬಯಸಲ್ಲ. ಲೆಕ್ಕ ಹೇಗೆ ಅಂತ ಕೇಳ್ತಿದ್ದೀನಿ, ಅಷ್ಟೇ."

ಅದಕ್ಕೆ ಉತ್ತರ ಕೊಡಲು ಎ ಬ್ಲಾಕಿನ ಪ್ರೊಫೆಸರ್ ದಕ್ಷಿಣಾಮೂರ್ತಿ ಎದ್ದರು. ಮೈಸೂರಿನವರು, ಸೊಸೈಟಿಗೆ ಹೊಸದಾಗಿ ಬಂದವರು, ವಿಶ್ವವಿದ್ಯಾಲಯವೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವವರು. ವಿದೇಶಿಯರ ಸೀಟು ಬೇರೆಯ ಲೆಕ್ಕ, ಅದು ತ್ಯಾಗಿಯವರ ತಮ್ಮನ ಸೀಟಲ್ಲ ಎಂದರು. ನೆರೆಯ ದೇಶದ ಒಬ್ಬ ಹುಡುಗ ಇಲ್ಲಿ ಓದಿ ಹೋದರೆ ಅದು ಮೂವತ್ತು ವರ್ಷ ಫಲ ಕೊಡುವ ಮರ, ನಾಳೆ ಆತ ಅಲ್ಲಿ ಮಂತ್ರಿಯಾಗಬಹುದು ಎಂದರು. ಹಾಗೆಯೇ, ಕರೆಸಿಕೊಂಡ ಮೇಲೆ ಅವರು ಎಲ್ಲಿ ಇರುತ್ತಾರೆ, ಯಾರ ಜೊತೆ ಉಣ್ಣುತ್ತಾರೆ ಎಂದು ಸರ್ಕಾರ ನೋಡುವುದಿಲ್ಲ, ಅದು ತಪ್ಪು ಎಂದೂ ಹೇಳಿದರು. ಮಾತು ಚೆನ್ನಾಗಿತ್ತು, ಸ್ವಲ್ಪ ಉದ್ದವಾಯಿತು.

"ಪ್ರೊಫೆಸರ್ ಸಾಹೇಬ್," ಎಂದ ತ್ಯಾಗಿ, "ನಿಮ್ಮದು ಮೂರು ಬೆಡ್‌ರೂಮಿನ ಫ್ಲಾಟು. ಆ ಮರ ನಿಮ್ಮಲ್ಲೇ ನೆಡಬಹುದಲ್ಲ."

"ನನ್ನ ಹೆಂಡತಿಗೆ ಮಂಡಿನೋವು," ಎಂದರು ದಕ್ಷಿಣಾಮೂರ್ತಿ. ಮಂಡಿಗೂ ಮರಕ್ಕೂ ಏನು ಸಂಬಂಧ ಎಂದು ಯಾರೋ ಹಿಂದಿನಿಂದ ಕೇಳಿದರು. ಮತ್ತೆ ನಗು.

ನಗು ಇಳಿದ ಮೇಲೆ ಮಿಸೆಸ್ ಗ್ರೋವರ್ ಎದ್ದರು. ಬಿ ಬ್ಲಾಕಿನ ಎರಡನೆಯ ಮಹಡಿಯವರು. ಅವರ ನಾದಿನಿಯ ಮಗ ಸ್ಫೋಟದ ಸಂಜೆ ಕರೋಲ್ ಬಾಗ್ ಮಾರ್ಕೆಟ್ಟಿನಲ್ಲಿದ್ದ. ಬದುಕಿದ್ದ, ಆದರೆ ಒಂದು ಕಣ್ಣು ಹೋಗಿತ್ತು. ಇದು ಎಲ್ಲರಿಗೂ ಗೊತ್ತಿತ್ತು.

"ನಾನು ಯಾರನ್ನೂ ಬೈಯಲು ಬಂದಿಲ್ಲ," ಎಂದರು. "ಈ ಹುಡುಗ ಏನೂ ಮಾಡಿಲ್ಲ, ನನಗೆ ಗೊತ್ತು. ಲಿಫ್ಟಿನಲ್ಲಿ ನನ್ನ ಚೀಲ ಹಿಡಿದುಕೊಳ್ತಾನೆ. ಆದರೆ ಈಗ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಅವನಿದ್ದರೆ ನನ್ನ ಎದೆ ಹೊಡ್ಕೊಳ್ಳುತ್ತೆ. ಅವನು ನಮಸ್ತೆ ಅಂತಾನೆ. ನನಗೆ ಇನ್ನೂ ಹೆಚ್ಚು ಹೊಡ್ಕೊಳ್ಳುತ್ತೆ. ಅವನೂ ಯಾರದೋ ಮಗ ಅಂತ ನನಗೇ ನಾನು ಹೇಳ್ಕೋತೀನಿ, ಎದೆ ಕೇಳಲ್ಲ. ನಾನೇನು ಮಾಡಲಿ?" ಎಂದವರು ದುಪಟ್ಟಾದ ತುದಿಯಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಲೀಲಮ್ಮ ಎದ್ದರು. ಸಭೆಯ ಕಡೆ ನೋಡಲಿಲ್ಲ. ನೇರವಾಗಿ ಮಿಸೆಸ್ ಗ್ರೋವರ್ ಹತ್ತಿರ ಹೋಗಿ, ಭುಜದ ಮೇಲೆ ಒಂದು ಕೈ, ಮಣಿಕಟ್ಟಿನ ಮೇಲೆ ಒಂದು ಕೈ ಇಟ್ಟರು. ಆಮೇಲೆ ಪ್ರೇರಣಾ ಎಂದೂ ಕೇಳಿರದ ಒಂದು ಮೆತ್ತನೆಯ ಧ್ವನಿಯಲ್ಲಿ ಹಿಂದಿಯಲ್ಲಿ ಹೇಳಿದರು.

"ಇನ್ನೆಷ್ಟು ದಿನ, ಬಹೆನ್‌ಜಿ. ಡಿಸೆಂಬರಿಗೆ ಅವನ ಕೋರ್ಸು ಮುಗಿಯುತ್ತೆ. ಹೊರಟು ಹೋಗ್ತಾನೆ. ಟಿಕೆಟ್ಟೂ ತಗೊಂಡಿದ್ದಾನೆ. ನೀವು ನೆಮ್ಮದಿಯಾಗಿ ನಿದ್ದೆ ಮಾಡಿ."

ಮಿಸೆಸ್ ಗ್ರೋವರ್ ತಲೆಯಾಡಿಸಿದರು. ಅವರ ಉಸಿರು ಇಳಿದದ್ದು ಹಿಂದಿನ ಸಾಲಿಗೂ ಕೇಳಿಸಿತು. ಯಾರೋ ನೀರಿನ ಲೋಟ ಕೊಟ್ಟರು, ಅವರು ಕುಡಿದರು.

ಖುಲ್ಲರ್ ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲಿಟ್ಟು ಪೆನ್ನು ತೆಗೆದರು. "ಹಾಗಿದ್ದರೆ ಮುಗಿಯಿತು. ನಾವು ಕಮಿಟಿಯವರು ನಿನ್ನೆ ಕೂತು, ಹೊಸದಾಗಿ ಹೊರದೇಶದವರನ್ನು ಇಡುವುದು ಬೇಡ, ಈ ಹುಡುಗ ಮಾತ್ರ ಏಪ್ರಿಲಿನ ಪರೀಕ್ಷೆ ಮುಗಿಸಿಕೊಂಡು ಹೋಗಲಿ ಅಂತ ಬರೆದುಕೊಂಡು ಬಂದಿದ್ದೆವು. ಏಪ್ರಿಲ್‌ನಲ್ಲಿ ಪರೀಕ್ಷೆ ಅಂತ ಕಾಲೇಜಿನವರು ಯಾರೋ ಹೇಳಿದ್ದರು. ಸಿಸ್ಟರ್‌ಜಿಯೇ ಡಿಸೆಂಬರ್ ಅಂದಮೇಲೆ ಅದೇ ಸರಿ." ಏಪ್ರಿಲ್ ಎಂದಿದ್ದ ಕಡೆ ಗೀಟು ಎಳೆದು ಡಿಸೆಂಬರ್ ಎಂದು ಬರೆದರು. "ಎಲ್ಲರಿಗೂ ಒಪ್ಪಿಗೆಯೇ?"

ಎಲ್ಲರೂ ಕೈಯೆತ್ತಿದರು. ತ್ಯಾಗಿ ಚಪ್ಪಾಳೆ ಕೂಡ ತಟ್ಟಿದ. ಪ್ರೇರಣಾ ಎದ್ದು ನಿಲ್ಲಲು ಹೋದಳು. ಸಂದೀಪನ ಕೈ ಅವಳ ತೋಳಿನ ಮೇಲೆ ಬಂತು. ಅವಳು ಮತ್ತೆ ಕೂತದ್ದು ಅದಕ್ಕಲ್ಲ. ಅದೇ ಹೊತ್ತಿಗೆ ಲೀಲಮ್ಮ ತಿರುಗಿ ಅವಳನ್ನು ನೋಡಿದ್ದರು. ತಾವು ಹೇಳಿದ್ದು ಏನೆಂದು ಅವರಿಗೆ ಆಗ ಅರ್ಥವಾಗುತ್ತಿತ್ತು. ಬೇಡ ಎಂಬಂತೆ ತಲೆಯನ್ನು ಒಂದಿಷ್ಟೇ ಆಡಿಸಿದರು.

ಮರುದಿನ ಗಾನವಿಯನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಪ್ರೇರಣಾ ಮೇಲೆ ಬಂದಾಗ ಲೀಲಮ್ಮ ಅವಳ ಬಾಗಿಲ ಮುಂದೆ ನಿಂತಿದ್ದರು. ಒಳಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ಪ್ರೇರಣಾ ಕಾಫಿಗೆ ಹಾಲಿಟ್ಟಳು.

"ಹೋದನಾ ಕಾಲೇಜಿಗೆ?"

"ಹೋದ. ಸಭೆಯಲ್ಲಿ ಏನಾಯ್ತು ಅಜ್ಜಿ ಅಂತ ಕೇಳ್ದ. ಇನ್ನೂ ತೀರ್ಮಾನ ಆಗಿಲ್ಲ ಅಂದೆ."

ಪ್ರೇರಣಾ ಎರಡು ಲೋಟ ತೆಗೆದಿಟ್ಟಳು.

"ನೋಡ್ದೆಯಲ್ಲ," ಎಂದರು ಲೀಲಮ್ಮ. "ಬಾಯಿಗೆ ಬಂದುಬಿಡುತ್ತೆ."

"ಖುಲ್ಲರ್ ಅವರ ಹತ್ರ ಹೋಗಿ ಇದ್ದದ್ದು ಹೇಳಿಬಿಡಿ ಅಜ್ಜಿ. ಅವರೇ ಏಪ್ರಿಲ್ ಅಂತ ಬರೆದಿದ್ರು. ಕೆಟ್ಟವರೇನಲ್ಲ. ಬೇಕಾದ್ರೆ ನಾನೂ ಬರ್ತೀನಿ."

"ಕೆಟ್ಟವರಲ್ಲ ಕಣೇ. ಅದಕ್ಕೇ ಹೋಗೋಕಾಗಲ್ಲ. ಮೊದಲನೇ ಸಲ ನಂದು ಸುಳ್ಳು ಅಂತ ಗೊತ್ತಾದಾಗ ಮುದುಕಿಗೆ ಅಕ್ಕರೆ ಅಂದ್ಕೊಂಡ್ರು. ಇನ್ನೊಂದು ಸಲ ಬದಲಾಯಿಸಿದ್ರೆ, ಇವಳ ಬಾಯಲ್ಲಿ ಇದನ್ನೆಲ್ಲ ಹೇಳಿಸ್ತಿರೋನು ಅವನೇ ಅಂತಾರೆ. ಅನುಮಾನ ನನ್ನ ಮೇಲೆ ಬರಲ್ಲ, ಹುಡುಗನ ಮೇಲೆ ಬರುತ್ತೆ. ಆಮೇಲೆ ಆ ಗ್ರೋವರ್ ಮುಖ ಹೇಗೆ ನೋಡ್ಲಿ. ರಾತ್ರಿ ನಿದ್ದೆ ಬಂತು ಅಂದ್ಲು ಇವತ್ತು ಬೆಳಿಗ್ಗೆ, ಹಾಲಿನ ಬೂತ್ ಹತ್ರ."

ಹಾಲು ಉಕ್ಕಿ ಬಂತು. ಪ್ರೇರಣಾ ಉರಿ ತಗ್ಗಿಸಿ, ಎರಡು ಲೋಟಕ್ಕೆ ಡಿಕಾಕ್ಷನ್ ಹಾಕಿದಳು. ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಡಿಸೆಂಬರಿಗೆ ಇನ್ನೂ ಸಮಯ ಇದೆ. ರೋಹಿಣಿ ಬಡಾವಣೆಯಲ್ಲಿ ಸಂದೀಪನ ಸಹೋದ್ಯೋಗಿಯ ಮನೆಯ ಮೇಲೆ ಒಂದು ಕೋಣೆ ಖಾಲಿ ಇದೆಯೆಂದು ಎಂದೋ ಕೇಳಿದ ನೆನಪು. ಪೊಲೀಸರ ಕಾಗದ ಸರಿಯಾಗಿದೆ, ಅದನ್ನು ತೋರಿಸಿ ಕೇಳಬಹುದು. ಈಗಿನಿಂದ ಹುಡುಕಿದರೆ ಸಿಗಬಹುದು, ಸಿಗದೆಯೂ ಇರಬಹುದು. ಹುಡುಕಬೇಕಾದರೆ ಮೊದಲು ಅವನಿಗೆ ಗೊತ್ತಾಗಬೇಕು.

"ಅವನಿಗೆ ಇವತ್ತೇ ತಿಳಿಸಬೇಕು ಅಜ್ಜಿ," ಎಂದಳು. "ಒಂದೊಂದು ದಿನವೂ ಮುಖ್ಯ."

"ಹೂಂ. ಅದಕ್ಕೇ ಬಂದೆ." ಲೀಲಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು, ಕುಡಿದಿರಲಿಲ್ಲ. "ಒಂದು ಉಪಕಾರ ಮಾಡು. ಸಂಜೆ ಅವನು ಬಂದಾಗ ನೀನು ಕರೆದು ಹೇಳು. ನಾನು ಹೇಳೋಕೆ ಹೋದ್ರೆ, ಅವನ ಮುಖ ನೋಡಿದ ತಕ್ಷಣ, ಸೊಸೈಟಿಯವರು ಒಪ್ಪಲಿಲ್ಲ ಕಣಪ್ಪ, ನಾನು ಎಷ್ಟು ಹೇಳಿದ್ರೂ ಕೇಳಲಿಲ್ಲ, ಅಂದುಬಿಡ್ತೀನಿ. ಅವನೂ ನಂಬ್ತಾನೆ. ನಂಬಿ ನನ್ನ ಕಾಲಿಗೆ ಬೀಳ್ತಾನೆ. ಹಾಗಾಗೋದು ಬೇಡ. ಅವರು ಏಪ್ರಿಲ್ ತನಕ ಬಿಟ್ಟಿದ್ರು, ಡಿಸೆಂಬರ್ ಅಂದಿದ್ದು ಅಜ್ಜಿ ಅಂತ ಹೇಳು. ಇದ್ದದ್ದು ಇದ್ದ ಹಾಗೇ ಹೇಳು."